ವನಮಹೋತ್ಸವದಿಂದ ಮುಸುರೆಯ ಲೆಕ್ಕದವರೆಗೆ: ಕಾಲೇಜು ಆವರಣದ ಹಸಿರು ಸಾಗಿಬಂದ ದಾರಿ

ಹಾಸನ, ಚಿಕ್ಕಮಗಳೂರು ಕಡೆಯ ಹಳೆಯ ಕಾಲೇಜುಗಳ ಕಾಂಪೌಂಡಿನುದ್ದಕ್ಕೂ ನೀಲಗಿರಿ, ಅಕೇಶಿಯಾ, ಸಿಲ್ವರ್ ಓಕ್ ಸಾಲುಗಳು ಸಾಮಾನ್ಯ. ಒಂದು ಕಾಲದ ಪರಿಸರ ನೀತಿಯೇ ಈ ಮರಗಳಲ್ಲಿದೆ. ಕೇಂದ್ರ ಸಚಿವ ಕೆ.ಎಂ. ಮುನ್ಶಿ ವನಮಹೋತ್ಸವ ಶುರು ಮಾಡಿದ್ದು 1950ರಲ್ಲಿ. ಹಾಸನದಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಬಾಗಿಲು ತೆರೆದದ್ದು 1960ರಲ್ಲಿ. ಆಮೇಲೆ ಬಹುಕಾಲ ಕಾಲೇಜುಗಳ ಪಾಲಿಗೆ ಪರಿಸರವೆಂದರೆ ಮಳೆ ಹಿಡಿದ ಮೇಲೆ ಗುಂಡಿ ತೋಡಿ ಸಸಿ ಇಡುವುದು. ಬೇಗ ಎತ್ತರಕ್ಕೆ ಬರುವ, ದನ ಬಾಯಿ ಹಾಕದ ಜಾತಿಗಳೇ ಬೇಕಿದ್ದವು, ಅವನ್ನೇ ನೆಟ್ಟರು. 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡಬಾರದೆಂದಿತು. ಆದರೆ ಅಷ್ಟರಲ್ಲಿ ಬೆಳೆದು ನಿಂತ ಮರಗಳ ದಪ್ಪ ಎಲೆ ಇವತ್ತಿಗೂ ಉದುರುತ್ತಿದೆ, ಬೇಗ ಕೊಳೆಯುವುದೂ ಇಲ್ಲ.

ಎರಡನೆಯ ಘಟ್ಟ ಪಾಠದ್ದು. ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರಲ್ಲಿ ಪರಿಸರ ಶಿಕ್ಷಣ ಕಡ್ಡಾಯ ಮಾಡಿ ಎಂದಿತು. 2003ರಲ್ಲಿ ಮತ್ತೆ ಬಿಸಿ ಮುಟ್ಟಿಸಿದ ಮೇಲೆ ಪದವಿ ತರಗತಿಗಳಿಗೆ ಪರಿಸರ ಅಧ್ಯಯನದ ಪತ್ರಿಕೆ ಗಟ್ಟಿಯಾಗಿ ಬಂತು. 2017ರಲ್ಲಿ ಕಾಲೇಜುಗಳಿಗೆ ಗ್ರೇಡ್ ಕೊಡುವ ರಾಷ್ಟ್ರೀಯ ಸಂಸ್ಥೆ ನ್ಯಾಕ್ ತನ್ನ ಅಳತೆಗೋಲನ್ನು ಪರಿಷ್ಕರಿಸಿದಾಗ ಕಸ, ನೀರು, ಸೌರಶಕ್ತಿಗೂ ಅಂಕ ಸಿಕ್ಕಿ ಹಸಿರು ಆಡಿಟ್ಟಿನ ಕಡತಗಳು ದಪ್ಪವಾದವು. ಗೊಬ್ಬರದ ಗುಂಡಿ, ಮಳೆನೀರಿನ ತೊಟ್ಟಿ, ಸೌರ ಫಲಕ ಎಲ್ಲ ಬಂದವು. ಅವನ್ನು ದಿನಾ ನೋಡಿಕೊಳ್ಳಲು ಜನರನ್ನು ನೇಮಿಸಿದ ಕಾಲೇಜುಗಳು ಮಾತ್ರ ಕಡಿಮೆ. ಇಡೀ ಸಮಸ್ಯೆಯ ಬೇರು ಇಲ್ಲೇ ಇದೆ.

ನಿಜವಾದ ಒತ್ತಡ ಬಂದದ್ದು 2016ರ ಘನತ್ಯಾಜ್ಯ ನಿಯಮಗಳಿಂದ. 5,000 ಚದರ ಮೀಟರಿಗಿಂತ ದೊಡ್ಡ ಜಾಗವಿರುವ ಸಂಸ್ಥೆಗಳು ಕಸ ಬೇರ್ಪಡಿಸಬೇಕು, ಆದಷ್ಟೂ ಹಸಿಕಸವನ್ನು ಆವರಣದೊಳಗೇ ಗೊಬ್ಬರವೋ ಗ್ಯಾಸೋ ಮಾಡಿ ಮುಗಿಸಬೇಕು ಎಂದಾಯಿತು. ಅದಕ್ಕೆ ಮುಂಚೆ ಹಾಸ್ಟೆಲಿನ ಕಲಗಚ್ಚು ಸುತ್ತಲಿನ ದನ ಸಾಕಿದವರಿಗೆ ಹೋಗುವುದು ವಾಡಿಕೆ. ಆದರೆ ಸ್ಯಾಷೆ, ಪ್ಲಾಸ್ಟಿಕ್ ಲೋಟ ಬೆರೆತ ಕಲಗಚ್ಚನ್ನು ದನಕ್ಕೆ ಇಡುವಂತಿಲ್ಲ.

ದಿನಕ್ಕೆ 50 ಕಿಲೋ ಮುಸುರೆ ಬರುವ ಹಾಸ್ಟೆಲ್ ಒಂದನ್ನು ಲೆಕ್ಕಕ್ಕೆ ಹಿಡಿಯೋಣ. ಉದ್ದ, ಅಗಲ, ಎತ್ತರ ನಾಲ್ಕು ನಾಲ್ಕು ಅಡಿಯ, ನಡುನಡುವೆ ಸಂದು ಬಿಟ್ಟು ಇಟ್ಟಿಗೆ ಕಟ್ಟಿದ ಗೊಬ್ಬರದ ಅಂಕಣ ಸುಮಾರು ಹತ್ತು ದಿನಕ್ಕೆ ತುಂಬುತ್ತದೆ. ಗೊಬ್ಬರವಾಗಲು 60 ದಿನ ಬೇಕು. ಆದ್ದರಿಂದ ಆರು ಅಂಕಣ, ಮಗುಚಿ ಹಾಕಲು ಖಾಲಿ ಇನ್ನೊಂದು, ಒಟ್ಟು ಏಳು. ಎರಡೇ ಕಟ್ಟಿದರೆ ಮೂರನೇ ವಾರ ಮುಸುರೆ ಹೊರಗೆ ಸುರಿಯಬೇಕಾಗುತ್ತದೆ. ಅಡಿಯಲ್ಲಿ ಅರ್ಧ ಅಡಿ ಒಣಕಡ್ಡಿ ಹಾಸಿ, ಒಂದು ಬಕೆಟ್ ಮುಸುರೆಗೆ ಎರಡರಿಂದ ಮೂರು ಬಕೆಟ್ ತರಗೆಲೆ ಸೇರಿಸಿ, ಮೇಲೊಂದು ಪದರ ಹಳೆಯ ಗೊಬ್ಬರ ಎರಚಬೇಕು. ಮೂರ್ನಾಲ್ಕು ದಿನಕ್ಕೆ ಒಳಗಿನ ಬಿಸಿ 55 ಡಿಗ್ರಿ ದಾಟಬೇಕು: ಕಬ್ಬಿಣದ ಸರಳನ್ನು ಹತ್ತು ನಿಮಿಷ ಚುಚ್ಚಿಟ್ಟು ತೆಗೆದರೆ ಕೈಯಲ್ಲಿ ಹಿಡಿಯಲು ಕಷ್ಟವಾಗುತ್ತದೆ. ಒಂದು ಹಿಡಿ ತೆಗೆದು ಹಿಂಡಿದಾಗ ಒಂದೆರಡು ಹನಿ ಬಂದರೆ ತೇವ ಸರಿಯಿದೆ. ಧಾರೆಯಾಗಿ ಸುರಿದರೆ ಗಾಳಿ ಸತ್ತು ನಾತ ಶುರು. ಹೀಗಾಗಲು ಬಹುಪಾಲು ಕಾರಣ ಸಾಂಬಾರು, ಮಜ್ಜಿಗೆಯನ್ನು ಸೋಸದೆ ಸುರಿಯುವುದು. ಅಡುಗೆಮನೆಯಲ್ಲೇ ಒಂದು ಜರಡಿ ಬುಟ್ಟಿ ಇಟ್ಟರೆ ಅರ್ಧ ಜಗಳ ಮುಗಿಯಿತು.

ನಮ್ಮ ಕಡೆಯ ಗೊಬ್ಬರದ ಗುಂಡಿಗಳು ಸೋಲುವುದು ಮಳೆಗಾಲದಲ್ಲಿ. ಎಲೆ ಉದುರುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಆಗ ಗುಡಿಸಿ ಬೆಂಕಿ ಇಡುತ್ತಾರೆ. ಜೂನ್‌ನಲ್ಲಿ ಒಣ ಎಲೆ ಹುಡುಕಿದರೂ ಸಿಗದು. ದಿನಕ್ಕೆ ಎರಡು ಗೋಣಿಚೀಲ ತರಗೆಲೆ ಎಂದರೂ ಮಳೆಯ 120 ದಿನಕ್ಕೆ 240 ಚೀಲ ಬೇಕು. ಬೇಸಿಗೆಯಲ್ಲೇ ತುಂಬಿ, ಶೀಟಿನಡಿ, ನೆಲಕ್ಕೆ ತಾಗದಂತೆ ಪೇರಿಸಿಡಬೇಕು. ಸಾಲದೆ ಬಂದರೆ ಹಾಸನ, ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಸಿಗುವ ಒಣ ಕಾಫಿ ಹಣ್ಣಿನ (ಚೆರ್ರಿ) ಸಿಪ್ಪೆ ಒಳ್ಳೆಯ ಬದಲಿ. ಚಾವಣಿಯನ್ನು ಗೋಡೆಯಿಂದ ಮೂರು ಅಡಿ ಹೊರಕ್ಕೆ ಚಾಚದಿದ್ದರೆ ಇರಚಲು ಒಳಗೆ ಬಂದು ಎಲ್ಲ ತೊಯ್ಯುತ್ತದೆ.

ಗೋಬರ್ ಗ್ಯಾಸಿನ ಮಾದರಿಯಲ್ಲೇ ಮುಸುರೆಗೂ ಸ್ಥಾವರಗಳಿವೆ. ಅದೇ 50 ಕಿಲೋಗೆ ದಿನಕ್ಕೆ ಸುಮಾರು 4 ಘನ ಮೀಟರ್ ಅನಿಲ ಸಿಗುತ್ತದೆ. ಎಲ್‌ಪಿಜಿ ಲೆಕ್ಕದಲ್ಲಿ 1.8 ಕಿಲೋ, ಅಂದರೆ ಹತ್ತು ಹನ್ನೊಂದು ದಿನಕ್ಕೊಂದು 19 ಕಿಲೋ ಸಿಲಿಂಡರ್ ಉಳಿತಾಯ. ನಿಂಬೆ ಸಿಪ್ಪೆ ಬಿದ್ದರೆ, ಒಂದೇ ದಿನ ಹಬ್ಬದೂಟದ ಅನ್ನವೆಲ್ಲ ಸುರಿದರೆ ತೊಟ್ಟಿ ಹುಳಿಯಾಗಿ ಅನಿಲ ಹೊತ್ತುವುದಿಲ್ಲ. ಆಗ ಕೆಲವು ದಿನ ಏನೂ ಹಾಕದೆ, ಸಗಣಿ ಬಗ್ಗಡ ಮಾತ್ರ ಬಿಡಬೇಕು. ಇದಕ್ಕಿಂತ ದೊಡ್ಡ ಪೆಟ್ಟು ಸೆಮಿಸ್ಟರ್ ರಜೆ. ತಿಂಗಳಿಡೀ ಉಪವಾಸ ಕೆಡವಿದ ತೊಟ್ಟಿಗೆ ಕಾಲೇಜು ತೆರೆದ ದಿನವೇ 50 ಕಿಲೋ ಹಾಕಿದರೆ ಅದು ಕೆಟ್ಟೇ ಕೆಡುತ್ತದೆ. ರಜೆಯಲ್ಲಿ ಎರಡು ದಿನಕ್ಕೊಂದು ಬಕೆಟ್ ಬಗ್ಗಡ ಹಾಕುತ್ತಿರಬೇಕು. ತೆರೆದ ಮೇಲೆ ಕಾಲು ಭಾಗದಿಂದ ಶುರುಮಾಡಿ ಎರಡು ಮೂರು ವಾರದಲ್ಲಿ ಪೂರ್ತಿ ಪ್ರಮಾಣಕ್ಕೆ ಬರಬೇಕು. ಇಷ್ಟಕ್ಕಾಗಿ ರಜೆಯಲ್ಲೂ ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳಲೇಬೇಕು.

ನೀರಿನ ವಿಷಯದಲ್ಲಿ ಲೆಕ್ಕ ಸುಲಭ. 1,000 ಚದರ ಮೀಟರ್ ತಾರಸಿ, ವರ್ಷಕ್ಕೆ 900 ಮಿ.ಮೀ. ಮಳೆ ಎಂದು ಹಿಡಿದು, ಸೋರಿ ಆರಿ ಹೋಗುವ ಐದನೇ ಒಂದು ಪಾಲು ಕಳೆದರೂ 7.2 ಲಕ್ಷ ಲೀಟರ್. ಗಂಟೆಗೆ 100 ಮಿ.ಮೀ. ಸುರಿಯುವ ಮಳೆಗೆ ನಾಲ್ಕು ಇಂಚಿನ ಒಂದು ಪೈಪು ಸುಮಾರು 85 ಚದರ ಮೀಟರ್ ತಾರಸಿಯ ನೀರನ್ನಷ್ಟೇ ಇಳಿಸಬಲ್ಲದು. ಹಾಗಾಗಿ ಇಷ್ಟು ತಾರಸಿಗೆ ಹನ್ನೆರಡು ಪೈಪು ಬೇಕು. ಆರು ಹಾಕಿ ತಾರಸಿ ಸೋರಿದಾಗ ಬೈಸಿಕೊಳ್ಳುವುದು ಮಳೆಕೊಯ್ಲು. ದೂಳು, ಪಾರಿವಾಳದ ಹಿಕ್ಕೆ ತೊಳೆದು ಬರುವ ಮೊದಲ 1,500 ಲೀಟರನ್ನು ಹೊರಬಿಡುವ ವಾಲ್ವ್ ಇರುತ್ತದೆ. ಅದನ್ನು ತೆರೆಯುವವರಿಲ್ಲದೆ ಮರಳಿನ ಫಿಲ್ಟರ್ ಮೊದಲ ವರ್ಷವೇ ಕಟ್ಟಿಕೊಳ್ಳುತ್ತದೆ.

ಹೊಸ ತೊಟ್ಟಿ ತೋಡುವ ಮೊದಲು ಪ್ರತಿ ಬ್ಲಾಕಿಗೊಂದು ನೀರಿನ ಮೀಟರ್ ಕೂರಿಸುವುದು ಒಳ್ಳೆಯದು. ರಾತ್ರಿ 11ಕ್ಕೆ, ಬೆಳಗಿನ 4ಕ್ಕೆ ಅಂಕಿ ಬರೆದುಕೊಳ್ಳಬೇಕು. ಯಾರೂ ಬಳಸದ ತರಗತಿ ಕಟ್ಟಡದಲ್ಲೂ ಮುಳ್ಳು ತಿರುಗಿದ್ದರೆ ಮೊದಲು ಫ್ಲಶ್ ಟ್ಯಾಂಕಿನ ವಾಶರ್ ನೋಡಿ, ಆಮೇಲೆ ಮೇಲಿನ ಟ್ಯಾಂಕಿನ ಬಾಲ್‌ಕಾಕ್, ಕೊನೆಗೆ ನೆಲದೊಳಗಿನ ಪೈಪಿನ ಜಾಯಿಂಟು.