ಜಾಮೀನಿಗೆ ಜಮೀನೇ ಬೇಕೇ?

ಪ್ರಶ್ನೆ: ಚಿಕ್ಕಪ್ಪನ ಮಗನಿಗೆ ಕೋರ್ಟಿನಲ್ಲಿ ಜಾಮೀನು ಸಿಕ್ಕಿತು. ಬಿಡಿಸಿಕೊಂಡು ಬರೋಣವೆಂದು ಹೋದರೆ ವಕೀಲರು ಮೊದಲು ಕೇಳಿದ್ದು ಜಮೀನಿನ ಪಹಣಿ. ‘ಜಾಮೀನು’ ಎಂಬ ಪದ ‘ಜಮೀನಿ’ನಿಂದಲೇ ಬಂದದ್ದೇ? ಹಾಗಾದರೆ ಗುಂಟೆ ನೆಲವೂ ಇಲ್ಲದವರ ಗತಿ ಏನು?

ಉತ್ತರ: ಎರಡು ಪದಗಳಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ಜಮೀನು ಪಾರಸಿಯದು, ನೆಲ ಎಂದೇ ಅದರ ಅರ್ಥ. ಜಾಮೀನು ಹುಟ್ಟಿದ್ದು ಅರಬ್ಬಿಯಲ್ಲಿ. ಪಾರಸಿ ಆಡಳಿತದ ಭಾಷೆಯಾಗಿದ್ದ ಕಾಲದಲ್ಲಿ ಅದು ‘ಜಾಮಿನ್’ ಎಂಬ ಉಚ್ಚಾರದಲ್ಲಿ ನಮ್ಮ ಕಡೆಗೂ ಬಂತು. ಇನ್ನೊಬ್ಬನ ಪರವಾಗಿ ಹೊಣೆ ಹೊತ್ತವನು ಎಂಬುದು ಅದರ ಮೂಲಾರ್ಥ. ಊರ ಕಡೆ ‘ಅವನಿಗೆ ನಾನು ಜಾಮೀನು’ ಎನ್ನುತ್ತಾರಲ್ಲ, ಅದು ಪದದ ಹಳೆಯ ಬಳಕೆಯೇ. ಆ ಕಾಲದ ಕಾಗದಪತ್ರಗಳಲ್ಲಿ ಹಾಜರ್ ಜಾಮೀನು ಬೇರೆ, ಮಾಲ್ ಜಾಮೀನು ಬೇರೆ. ಕರೆದಾಗ ಆಸಾಮಿಯನ್ನು ತಂದು ನಿಲ್ಲಿಸುವ ಹೊಣೆ ಮೊದಲನೆಯದು. ಅವನು ಕೊಡದಿದ್ದರೆ ಹಣ ತುಂಬುವ ಹೊಣೆ ಎರಡನೆಯದು. ಕೋರ್ಟಿನಲ್ಲಿ ಬರೆದುಕೊಡುವ ‘ಮುಚ್ಚಳಿಕೆ’ಯೂ ಅದೇ ದಾರಿಯಲ್ಲಿ, ತುರ್ಕಿ ಮೂಲದಿಂದ ಬಂದ ಪದ.

ಪದ ಹೊರಗಿನದಾದರೂ ವ್ಯವಹಾರ ನಮಗೆ ಹೊಸದಾಗಿರಲಿಲ್ಲ. ಪ್ರಾಚೀನ ಧರ್ಮಶಾಸ್ತ್ರ ಗ್ರಂಥವಾದ ಯಾಜ್ಞವಲ್ಕ್ಯ ಸ್ಮೃತಿ ಸಾಲದ ವಿಷಯದಲ್ಲಿ ಹೊಣೆಗಾರನನ್ನು ‘ಪ್ರತಿಭೂ’ ಎಂದು ಕರೆದು ಮೂರು ಬಗೆ ಹೇಳುತ್ತದೆ: ಆಳನ್ನು ತಂದು ತೋರಿಸುವವನು, ‘ಇವನು ನಂಬಿಕಸ್ಥ’ ಎಂದು ಮಾತು ಕೊಡುವವನು, ತಾನೇ ಹಣ ಕೊಡಲು ಒಪ್ಪಿದವನು. ಈ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ. ನನಗೆ ಬಹಳ ಹಿಡಿಸಿದ್ದು ಆ ಸ್ಮೃತಿಯ ಒಂದು ನಿಯಮ: ಆಳನ್ನು ತೋರಿಸುವ ಹೊಣೆ ಹೊತ್ತವನು ಸತ್ತರೆ ಅವನ ಮಕ್ಕಳಿಗೆ ಆ ಭಾರವಿಲ್ಲ, ಹಣ ಕೊಡುವೆನೆಂದು ನಿಂತವನ ಮಕ್ಕಳು ಮಾತ್ರ ತೀರಿಸಬೇಕು. ಇಂದಿನ ಕ್ರಿಮಿನಲ್ ಕಾನೂನು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಬಾಂಡ್, ಅಂದರೆ ತಪ್ಪಿದರೆ ಇಷ್ಟು ಹಣ ಕಟ್ಟುತ್ತೇನೆಂದು ಬರೆದುಕೊಟ್ಟ ಮುಚ್ಚಳಿಕೆ, ಮುಟ್ಟುಗೋಲಾಗುವ ಮೊದಲೇ ಜಾಮೀನುದಾರ ತೀರಿಕೊಂಡರೆ ಅವನ ಆಸ್ತಿಗೆ ಯಾವ ಬಾಧ್ಯತೆಯೂ ಅಂಟುವುದಿಲ್ಲ.

ವಿಚಿತ್ರವೆಂದರೆ, 1973ರ ದಂಡ ಪ್ರಕ್ರಿಯಾ ಸಂಹಿತೆ ಜಾಮೀನಿನ ಬಗ್ಗೆ ಪುಟಗಟ್ಟಲೆ ಹೇಳಿಯೂ ಜಾಮೀನು ಎಂದರೇನೆಂದು ಎಲ್ಲಿಯೂ ಹೇಳಿರಲಿಲ್ಲ. ಅದರ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಆ ಕೊರತೆ ತುಂಬಿದೆ: ಆರೋಪಿ ಅಥವಾ ಶಂಕಿತನನ್ನು, ಬಾಂಡ್ ಬರೆಸಿಕೊಂಡು, ಷರತ್ತುಗಳ ಮೇಲೆ ಬಂಧನದಿಂದ ಬಿಡುವುದು ಜಾಮೀನು. ಕೇಸು ಅಲ್ಲಿಗೆ ಮುಗಿಯುವುದಿಲ್ಲ. ಜೈಲಿನ ಬಾಗಿಲಲ್ಲಿ ಹಾರ ಹಾಕಿ ಪಟಾಕಿ ಹೊಡೆಯುವವರಿಗೆ ಇದನ್ನು ಯಾರಾದರೂ ಹೇಳಬೇಕು. ಬಾಂಡಿನಲ್ಲೂ ಎರಡು ಬಗೆ ಇದೆ. ಒಂದಕ್ಕೆ ಜಾಮೀನುದಾರ ಬೇಕು, ಇನ್ನೊಂದಕ್ಕೆ ಆರೋಪಿಯ ಸ್ವಂತ ಮುಚ್ಚಳಿಕೆ ಸಾಕು.

ಇನ್ನು ಪಹಣಿ. ಜಾಮೀನುದಾರನಿಗೆ ಜಮೀನು ಇರಲೇಬೇಕೆಂದು ಸಂಹಿತೆ ಎಲ್ಲಿಯೂ ಹೇಳುವುದಿಲ್ಲ. ಬಾಂಡಿನ ಮೊತ್ತ ಕಟ್ಟುವ ಶಕ್ತಿ ಈತನಿಗೆ ಇದೆಯೇ ಎಂಬುದು ಕೋರ್ಟಿಗೆ ಮನವರಿಕೆಯಾಗಬೇಕು, ಅಷ್ಟೇ. ಪಹಣಿಯಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಸ್ವಾಧೀನದಾರನ ಹೆಸರು, ಬ್ಯಾಂಕಿನ ಋಣ ಎಲ್ಲವೂ ಒಂದೇ ಹಾಳೆಯಲ್ಲಿ ಸಿಗುವುದರಿಂದ ಅದನ್ನು ಕೇಳುವುದು ರೂಢಿಯಾಗಿದೆ. ಮನೆಯ ಖಾತೆ, ಸಂಬಳದ ಚೀಟಿಯನ್ನು ಒಪ್ಪುವುದೂ ಉಂಟು.

ರೂಢಿ ಅತಿಯಾದರೆ ಏನಾಗುತ್ತದೆ ಎಂಬುದಕ್ಕೆ 1978ರ ಮಧ್ಯಪ್ರದೇಶದ ಪ್ರಕರಣವೊಂದಿದೆ. ಗಾರೆ ಕೆಲಸದವನೊಬ್ಬನಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನುದಾರನನ್ನು ಕೇಳಿದರು. ಅವನ ಸೋದರ ಮುಂದೆ ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಲಿಲ್ಲ. ಮತ್ತೆ ದೆಹಲಿಗೆ ಅರ್ಜಿ ಹೋಯಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ತೀರ್ಪಿನಲ್ಲಿ, ಬಸ್ತಾರಿನಲ್ಲೋ ಪೋರ್ಟ್ ಬ್ಲೇರಿನಲ್ಲೋ ಬಂಧಿತನಾದ ಕನ್ನಡಿಗ ಅಲ್ಲಿ ಆಸ್ತಿಯಿರುವ ಜಾಮೀನುದಾರನನ್ನು ಎಲ್ಲಿಂದ ತರಬೇಕು ಎಂದು ಕೇಳಿದರು. ಕೊನೆಗೆ 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಆತನನ್ನು ಬಿಡುವಂತೆ ಆದೇಶಿಸಿದರು.

ಆದ್ದರಿಂದ ನೆಲವಿಲ್ಲದವರು ಕೈಚೆಲ್ಲಬೇಕಿಲ್ಲ. ಅಪರಾಧ ಜಾಮೀನೀಯವಾಗಿದ್ದು (ಅಂದರೆ ಜಾಮೀನು ಆರೋಪಿಯ ಹಕ್ಕಾಗಿದ್ದು), ಬಂಧನವಾದ ಒಂದು ವಾರದೊಳಗೆ ಜಾಮೀನು ಕೊಡಲಾಗದಿದ್ದರೆ, ಆರೋಪಿ ಬಡವನೆಂದು ಭಾವಿಸಿ ಸ್ವಂತ ಬಾಂಡಿನ ಮೇಲೆ ಬಿಡಬೇಕೆಂದು ಕಾನೂನೇ ಹೇಳುತ್ತದೆ. ಉಳಿದ ಪ್ರಕರಣಗಳಲ್ಲಿ ಷರತ್ತು ಸಡಿಲಿಸುವಂತೆ ಅರ್ಜಿ ಹಾಕಬಹುದು.

ಪಹಣಿ ಕೊಟ್ಟು ಸಹಿ ಹಾಕುವ ನೆಂಟರಿಗೂ ಒಂದು ಮಾತು. ಆರೋಪಿ ತಲೆಮರೆಸಿಕೊಂಡರೆ ಕೋರ್ಟು ಬಾಂಡ್ ಮುಟ್ಟುಗೋಲು ಹಾಕಿ ನಿಮಗೆ ನೋಟಿಸ್ ಕಳುಹಿಸುತ್ತದೆ. ಹಣ ಕಟ್ಟದೆ, ವಸೂಲಿಯೂ ಆಗದಿದ್ದರೆ ಆರು ತಿಂಗಳವರೆಗೆ ಸಿವಿಲ್ ಜೈಲು. ಎಷ್ಟು ಜನರಿಗೆ ಜಾಮೀನು ನಿಂತಿದ್ದೀರಿ ಎಂಬುದನ್ನೂ ಬರೆದುಕೊಡಬೇಕು. ಕಾಸಿಗಾಗಿ ಕಂಡವರಿಗೆಲ್ಲ ಜಾಮೀನು ನಿಲ್ಲುವವರನ್ನು ತಡೆಯಲು ಬಂದ ನಿಯಮ ಅದು. ಹುಡುಗನ ನಡತೆ ನೋಡಿ ಮುಂದೆ ಭಯವಾದರೆ, ನನ್ನನ್ನು ಬಿಡುಗಡೆ ಮಾಡಿ ಎಂದು ಯಾವಾಗ ಬೇಕಾದರೂ ಅರ್ಜಿ ಕೊಡಬಹುದು. ಆಗ ಕೋರ್ಟು ಅವನನ್ನು ಹಿಡಿತರಿಸಿ, ನಿಮ್ಮ ಬಾಂಡ್ ರದ್ದು ಮಾಡಿ, ಬೇರೆ ಜಾಮೀನುದಾರನನ್ನು ಕೇಳುತ್ತದೆ. ಯಾರೂ ಸಿಗದಿದ್ದರೆ ಅವನನ್ನು ಮತ್ತೆ ಜೈಲಿಗೆ ಕಳುಹಿಸಬಹುದು.