ಮಾತಿನಲ್ಲಿ ಪದಗಳ ಪಾಲು ಬರೀ ಶೇ. 7 ಅಂತೆ, ನಿಜವಾ?

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ಟ್ರೈನಿಂಗ್ ನಡೀತಿದೆ. ಕಮ್ಯುನಿಕೇಷನ್‌ನಲ್ಲಿ ಪದಗಳ ಪಾಲು ಶೇ. 7, ದನಿಯದು ಶೇ. 38, ಬಾಡಿ ಲ್ಯಾಂಗ್ವೇಜ್‌ದು ಶೇ. 55 ಅಂತ ಹೇಳಿಕೊಟ್ಟರು. ಹಾಗಾದರೆ ಏನು ಹೇಳ್ತೀವಿ ಅನ್ನೋದು ಅಷ್ಟೊಂದು ಮುಖ್ಯ ಅಲ್ವಾ?

ಉತ್ತರ: ಮುಖ್ಯ. ತುಂಬಾನೇ ಮುಖ್ಯ. ನಿಮಗೆ ಹೇಳಿಕೊಟ್ಟ ಲೆಕ್ಕ ತಪ್ಪು.

ಪ್ಲೇಸ್‌ಮೆಂಟ್ ಸೀಸನ್ ಶುರುವಾದ ಕೂಡಲೇ ಈ ಪ್ರಶ್ನೆ ಬರುತ್ತದೆ. ಪ್ರತಿ ವರ್ಷ ಬರುತ್ತದೆ. ಈ ಮೂರು ಅಂಕಿಗಳನ್ನು ತೋರಿಸುವ ಮೂರು ಬಣ್ಣದ ಆ ದುಂಡನೆ ಚಿತ್ರವನ್ನು ನೀವೂ ನೋಡಿರುತ್ತೀರಿ. ಅದನ್ನು ತೋರಿಸಿದವರನ್ನು ‘ಇದು ಎಲ್ಲಿಂದ ಬಂತು?’ ಅಂತ ಯಾರೂ ಕೇಳುವುದಿಲ್ಲ. ಹೇಳಿ ಹೇಳಿ ನನಗೂ ಸಾಕಾಗಿದೆ. ಅದಕ್ಕೇ ಈ ಸಲ ಬುಡದಿಂದ ಬರೆಯುತ್ತಿದ್ದೇನೆ.

ಈ ಅಂಕಿಗಳ ಹಿಂದಿರುವವರು ಆಲ್ಬರ್ಟ್ ಮೆಹ್ರೇಬಿಯನ್. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದರು. 1967ರಲ್ಲಿ ಅವರು ಮತ್ತು ಅವರ ಸಂಗಡಿಗರು ಎರಡು ಪ್ರಯೋಗಗಳನ್ನು ಪ್ರಕಟಿಸಿದರು. ಎರಡೂ ಚಿಕ್ಕವು, ಎರಡೂ ಅಚ್ಚುಕಟ್ಟು. ಅವುಗಳ ಬಗ್ಗೆ ನನ್ನ ತಕರಾರಿಲ್ಲ.

ಮೊದಲನೆಯದರಲ್ಲಿ ಒಂಬತ್ತು ಬಿಡಿ ಪದಗಳನ್ನು ಆರಿಸಿದರು. ವಾಕ್ಯ ಅಲ್ಲ, ಬಿಡಿ ಪದ. ‘ಡಿಯರ್’, ‘ಥ್ಯಾಂಕ್ಸ್’ ಥರದ ಮೂರು ಪ್ರೀತಿಯ ಪದ. ‘ಮೇಬಿ’, ‘ಓ’ ಥರದ ಮೂರು ಅತ್ತಲೂ ಇಲ್ಲ, ಇತ್ತಲೂ ಇಲ್ಲ ಅನ್ನುವ ಪದ. ‘ಟೆರಿಬಲ್’, ‘ಬ್ರೂಟ್’ ಥರದ ಮೂರು ಒರಟು ಪದ. ಇವನ್ನೇ ಅಕ್ಕರೆಯಿಂದ, ಸಪ್ಪೆಯಾಗಿ, ಸಿಡುಕಿನಿಂದ ಹೇಳಿಸಿ ರೆಕಾರ್ಡ್ ಮಾಡಿದರು. ಕೇಳಿದವರು ಉತ್ತರಿಸಬೇಕಾಗಿದ್ದದ್ದು ಒಂದೇ: ಹೇಳಿದವರಿಗೆ ಎದುರಿನವರ ಮೇಲೆ ಇಷ್ಟವೋ, ಸಿಟ್ಟೋ? ಪದ ಒಂದು ಕಡೆ, ದನಿ ಇನ್ನೊಂದು ಕಡೆ ಎಳೆದಾಗ ಜನ ದನಿಯನ್ನೇ ಜಾಸ್ತಿ ನಂಬಿದರು.

ಎರಡನೆಯದರಲ್ಲಿ ಪದ ಒಂದೇ ಒಂದು: ‘ಮೇಬಿ’. ಅದನ್ನು ಮೂರು ದನಿಗಳಲ್ಲಿ ಕೇಳಿಸುತ್ತಾ, ಜೊತೆಗೆ ಮುಖದ ಫೋಟೋಗಳನ್ನು ತೋರಿಸಿದರು. ಇಷ್ಟವಿರುವ ಮುಖ, ಇಷ್ಟವಿಲ್ಲದ ಮುಖ, ಎರಡೂ ಅಲ್ಲದ ಮುಖ. ಇಲ್ಲಿ ದನಿಗಿಂತ ಮುಖದ ತೂಕ ಜಾಸ್ತಿ ಬಂತು, ಹೆಚ್ಚುಕಡಿಮೆ ಮುಖಕ್ಕೆ ಮೂರು ಪಾಲು, ದನಿಗೆ ಎರಡು ಪಾಲು.

ಈಗ ಗಮನಿಸಿ. ಮೊದಲ ಪ್ರಯೋಗದಲ್ಲಿ ಮುಖ ಇರಲಿಲ್ಲ. ಎರಡನೆಯದರಲ್ಲಿ ಪದ ಬದಲಾಗಲೇ ಇಲ್ಲ. ಪದ, ದನಿ, ಮುಖ ಈ ಮೂರನ್ನೂ ಒಟ್ಟಿಗೆ ಇಟ್ಟು ಅಳೆದದ್ದು ಎರಡರಲ್ಲೂ ಇಲ್ಲ. ಎರಡು ಬೇರೆ ಬೇರೆ ಫಲಿತಾಂಶಗಳನ್ನು ಜೋಡಿಸಿದಾಗ ಹುಟ್ಟಿದ್ದು 7, 38, 55. ಅಂದಾಜು ಅಂತ ನೋಡಿದರೆ ಅದರಲ್ಲೂ ತಪ್ಪಿಲ್ಲ. ಆದರೆ ಅದು ಯಾವುದರ ಅಂದಾಜು? ‘ಈ ಮನುಷ್ಯನಿಗೆ ನನ್ನ ಮೇಲೆ ಇಷ್ಟವಿದೆಯೋ ಇಲ್ಲವೋ’ ಅನ್ನುವುದರದ್ದು. ಅದೂ ಒಂದೇ ಪದ ಕೇಳಿ. ಅದೂ ಮುಖ, ದನಿ, ಪದ ಒಂದಕ್ಕೊಂದು ಹೊಂದದೇ ಇದ್ದಾಗ.

ಇನ್ನೊಂದು ವಿಷಯ ನನ್ನನ್ನು ಪ್ರತಿ ಸಲ ಕಾಡುತ್ತದೆ. ಆ ಶೇ. 55 ಇದೆಯಲ್ಲ, ಅದು ಬಾಡಿ ಲ್ಯಾಂಗ್ವೇಜ್ ಅಲ್ಲವೇ ಅಲ್ಲ. ಪ್ರಯೋಗದಲ್ಲಿ ತೋರಿಸಿದ್ದು ಮುಖದ ಫೋಟೋ. ಅದರಲ್ಲಿ ಕೈ ಅಲುಗುವುದಿಲ್ಲ. ಕುರ್ಚಿಯಲ್ಲಿ ಕೂರುವ ಭಂಗಿ ಇಲ್ಲ, ಹ್ಯಾಂಡ್‌ಶೇಕ್ ಇಲ್ಲ, ಟೈ ಇಲ್ಲ. ಇಷ್ಟೆಲ್ಲಾ ಸೇರಿಕೊಂಡದ್ದು ಆಮೇಲೆ, ಟ್ರೈನಿಂಗ್ ರೂಮುಗಳಲ್ಲಿ. ಈ ಅಂಕಿ ನಂಬಿ ಹುಡುಗರು ಹ್ಯಾಂಡ್‌ಶೇಕ್ ಅಭ್ಯಾಸಕ್ಕೆ ಒಂದು ಮಧ್ಯಾಹ್ನ ಕಳೆಯುತ್ತಾರೆ. ತಮ್ಮದೇ ಪ್ರಾಜೆಕ್ಟ್ ಬಗ್ಗೆ ನಾಲ್ಕು ಸಾಲು ಬಿಡಿಸಿ ಹೇಳಲು ತಡವರಿಸುತ್ತಾರೆ. ನನಗೆ ಹೊಟ್ಟೆ ಉರಿಯುವುದು ಅಲ್ಲೇ.

ಮೆಹ್ರೇಬಿಯನ್ ಅವರೇ ಇದನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಮಾತನಾಡುವವರು ತಮ್ಮ ಭಾವನೆಯ ಬಗ್ಗೆಯೋ ಇಷ್ಟಾನಿಷ್ಟದ ಬಗ್ಗೆಯೋ ಮಾತನಾಡದೇ ಇದ್ದರೆ ಈ ಸೂತ್ರ ಅನ್ವಯಿಸುವುದಿಲ್ಲ ಅಂತ ತಮ್ಮ ವೆಬ್‌ಸೈಟಿನಲ್ಲೇ ಬರೆದರು. 1971ರ ಅವರ ‘ಸೈಲೆಂಟ್ ಮೆಸೇಜಸ್’ ಪುಸ್ತಕದ ಮೂಲಕ ಅಂಕಿಗಳು ಊರೂರು ಸುತ್ತಿದವು. ಅವುಗಳ ಜೊತೆಗಿದ್ದ ಷರತ್ತು ಮಾತ್ರ ದಾರಿಯಲ್ಲೇ ಬಿದ್ದುಹೋಯಿತು.

ಅಷ್ಟು ದೂರ ಹೋಗುವುದೂ ಬೇಡ. ರೇಡಿಯೋ ಕೇಳಿ ಬೆಳೆದವರಿಗೆ ಬೆಳಗಿನ ಸಂಸ್ಕೃತ ವಾರ್ತೆ ನೆನಪಿರುತ್ತದೆ. ‘ಇಯಂ ಆಕಾಶವಾಣೀ. ಸಂಪ್ರತಿ ವಾರ್ತಾಃ ಶ್ರೂಯಂತಾಂ. ಪ್ರವಾಚಕಃ ಬಲದೇವಾನಂದ ಸಾಗರಃ.’ ನಮ್ಮಲ್ಲಿ ಎಷ್ಟೋ ಮನೆಗಳ ಮಕ್ಕಳಿಗೂ ಇದು ಬಾಯಿಪಾಠವಾಗಿತ್ತು. ಆ ದನಿಯ ಏರಿಳಿತ ಇವತ್ತಿಗೂ ಕಿವಿಯಲ್ಲಿದೆ. ಆದರೆ ಆಮೇಲೆ ಬಂದ ಸುದ್ದಿ ಏನು ಅಂತ ಸಂಸ್ಕೃತ ಬಾರದವರನ್ನು ಕೇಳಿ. ದನಿ ಪೂರ್ತಿ ತಲುಪಿತ್ತು, ಸುದ್ದಿ ತಲುಪಿರಲಿಲ್ಲ. ಸುದ್ದಿ ಬೇಕಾದವರು ಕನ್ನಡ ವಾರ್ತೆಗೆ ಕಾಯಬೇಕಿತ್ತು. ಆ ಶೇ. 7ರ ಲೆಕ್ಕ ನಿಜವಾಗಿದ್ದರೆ ಭಾಷೆ ಕಲಿಯುವ ಕಷ್ಟ ಯಾರಿಗೂ ಬರುತ್ತಿರಲಿಲ್ಲ. ಮುಖ ನೋಡಿದರೆ ಸಾಕಿತ್ತು.

ಹಾಗಂತ ದನಿ, ಮುಖ ಬೇಡ ಅಂತ ನಾನು ಹೇಳುತ್ತಿಲ್ಲ. ಊರ ಹಬ್ಬಕ್ಕೆ ವಂತಿಗೆ ಕೇಳಲು ಹೋದಾಗ ಮನೆಯವರು ‘ನೋಡೋಣ’ ಅಂದರೆ, ಕೊಡುತ್ತಾರೋ ಇಲ್ಲವೋ ಅನ್ನುವುದು ಆ ಪದದಲ್ಲಿಲ್ಲ. ಹೇಗಂದರು ಅನ್ನುವುದರಲ್ಲಿದೆ. ‘ಪರವಾಗಿಲ್ಲ ಬಿಡಿ’ ಅನ್ನುವುದೂ ಹಾಗೆಯೇ. ಒಬ್ಬರು ನಿಜವಾಗಿ ಮನ್ನಿಸಿರುತ್ತಾರೆ, ಇನ್ನೊಬ್ಬರು ಮನಸ್ಸಿಗೆ ಹಚ್ಚಿಕೊಂಡಿರುತ್ತಾರೆ. ಮೆಹ್ರೇಬಿಯನ್ ಅಳೆದದ್ದು ಇಂಥದ್ದನ್ನೇ. ಆದರೆ ‘ಈ ಮಾತ್ರೆ ಊಟಕ್ಕೆ ಮುಂಚೆ, ಆ ಮಾತ್ರೆ ಊಟ ಆದಮೇಲೆ’ ಅನ್ನುವ ಮಾತನ್ನು ಯಾವ ಮುಖಭಾವದಲ್ಲಿ ಹೇಳುತ್ತೀರಿ?

ಪದಗಳ ತೂಕ ಎಷ್ಟು ಅಂತ ಕೇಳುವವರಿಗೆ ನಾನು ಯಾವಾಗಲೂ ಟೆನೆರೀಫ್ ಕಥೆ ಹೇಳುತ್ತೇನೆ. 1977ರ ಮಾರ್ಚ್ 27. ಸ್ಪೇನ್‌ಗೆ ಸೇರಿದ ಆ ದ್ವೀಪದ ಲೋಸ್ ರೊಡಿಯೋಸ್ ವಿಮಾನ ನಿಲ್ದಾಣ. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸಿಡಿದಿದ್ದರಿಂದ ವಿಮಾನಗಳನ್ನೆಲ್ಲ ಇಲ್ಲಿಗೆ ತಿರುಗಿಸಿದ್ದರು. ಮಂಜು ಕವಿದಿತ್ತು. ಕೆಎಲ್‌ಎಂ ವಿಮಾನ ರನ್‌ವೇಯ ತುದಿಯಲ್ಲಿ ನಿಂತಿತ್ತು. ಅದೇ ರನ್‌ವೇ ಮೇಲೆ ಪ್ಯಾನ್ ಆ್ಯಮ್ ವಿಮಾನ ಇನ್ನೂ ನಿಧಾನವಾಗಿ ಬರುತ್ತಿತ್ತು. ಯಾರಿಗೂ ಯಾರೂ ಕಾಣುತ್ತಿರಲಿಲ್ಲ.

ಟವರಿನಿಂದ ವಿಮಾನಗಳಿಗೆ ಸೂಚನೆ ಕೊಡುವ ಕಂಟ್ರೋಲರ್ ಕೆಎಲ್‌ಎಂಗೆ, ಮೇಲೇರಿದ ಮೇಲೆ ಯಾವ ದಾರಿ ಹಿಡಿಯಬೇಕು ಅಂತ ಓದಿ ಹೇಳಿದರು. ಆ ಸೂಚನೆಯಲ್ಲಿ ‘ಟೇಕ್‌ಆಫ್’ ಅನ್ನುವ ಪದ ಇತ್ತು. ಅದು ದಾರಿಗೆ ಅನುಮತಿ, ಹೊರಡಲು ಅಲ್ಲ. ಸಹ ಪೈಲಟ್ ಅದನ್ನು ತಿರುಗಿ ಓದಿ, ಕೊನೆಗೆ ‘ವಿ ಆರ್ ನೌ ಅಟ್ ಟೇಕ್‌ಆಫ್’ ಅಂದರು. ಹೊರಡುವ ಜಾಗದಲ್ಲಿ ನಿಂತಿದ್ದೇವೆ ಅಂತಲೋ, ಹೊರಟೇಬಿಟ್ಟಿದ್ದೇವೆ ಅಂತಲೋ? ಕಂಟ್ರೋಲರ್ ‘ಓಕೆ’ ಅಂದರು. ಕ್ಷಣ ಬಿಟ್ಟು, ಟೇಕ್‌ಆಫ್‌ಗೆ ಕಾಯಿರಿ, ನಾನು ಕರೆಯುತ್ತೇನೆ ಅಂತ ಸೇರಿಸಿದರು. ಅದೇ ಹೊತ್ತಿಗೆ ಪ್ಯಾನ್ ಆ್ಯಮ್‌ನವರು, ನಾವಿನ್ನೂ ರನ್‌ವೇ ಮೇಲೇ ಇದ್ದೇವೆ ಅಂತ ಕೂಗಿದರು. ಎರಡು ರೇಡಿಯೋ ಒಂದರ ಮೇಲೊಂದು ಬಿದ್ದು, ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಕೀಚಲು ಸದ್ದು ಎದ್ದಿತು. ಅಲ್ಲಿ ಸ್ಪಷ್ಟವಾಗಿ ಕೇಳಿಸಿದ್ದು ಆ ‘ಓಕೆ’ ಒಂದೇ. ವಿಮಾನ ಆಗಲೇ ಓಡಲು ಶುರು ಮಾಡಿತ್ತು. ಹೋಗಿ ಪ್ಯಾನ್ ಆ್ಯಮ್‌ಗೆ ಡಿಕ್ಕಿ ಹೊಡೆಯಿತು. ಸತ್ತವರು 583 ಜನ.

ಕಾರಣಗಳು ಹಲವು ಇದ್ದವು, ಮಂಜೂ ಸೇರಿ. ಆದರೆ ಆಮೇಲೆ ಏನನ್ನು ತಿದ್ದಿದರು ನೋಡಿ. ಪದಗಳನ್ನೇ ತಿದ್ದಿದರು. ಈಗ ‘ಟೇಕ್‌ಆಫ್’ ಅನ್ನುವ ಪದವನ್ನು ಹೊರಡಲು ಅನುಮತಿ ಕೊಡುವಾಗ ಅಥವಾ ಆ ಅನುಮತಿ ರದ್ದು ಮಾಡುವಾಗ ಮಾತ್ರ ಬಳಸಬೇಕು. ಉಳಿದ ಕಡೆ ‘ಡಿಪಾರ್ಚರ್’. ಮುಖ್ಯ ಸೂಚನೆ ಬಂದಾಗ ಸುಮ್ನೆ ಓಕೆ ಅಂದರೆ ನಡೆಯುವುದಿಲ್ಲ, ಕೇಳಿಸಿದ್ದನ್ನು ತಿರುಗಿ ಹೇಳಬೇಕು.

ಇಲ್ಲಿಗೆ ಬಂದ ಮೇಲೆ, ನೀವು ಕೇಳದ ಒಂದು ಪ್ರಶ್ನೆಗೂ ಉತ್ತರಿಸಿಬಿಡುತ್ತೇನೆ. ನಿಮ್ಮಲ್ಲಿ ಅನೇಕರು ಇಸಿ ಬ್ರಾಂಚ್, ಎಲೆಕ್ಟ್ರಾನಿಕ್ಸ್ ಆ್ಯಂಡ್ ಕಮ್ಯುನಿಕೇಷನ್. ಆ ಕಮ್ಯುನಿಕೇಷನ್ನೂ ಈ ಕಮ್ಯುನಿಕೇಷನ್ನೂ ಒಂದೇನಾ? ಅಲ್ಲ. ನಿಮ್ಮ ಸಿಲಬಸ್‌ನಲ್ಲಿರುವುದು ಅಮೆರಿಕದ ಟೆಲಿಫೋನ್ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಕ್ಲಾಡ್ ಶಾನನ್ 1948ರಲ್ಲಿ ಒಂದು ಪ್ರಬಂಧದಲ್ಲಿ ಕಟ್ಟಿದ್ದು. ‘ಬಿಟ್’ ಅನ್ನುವ ಪದ ಅಚ್ಚಿನಲ್ಲಿ ಬಂದದ್ದೂ ಆ ಪ್ರಬಂಧದಲ್ಲೇ. ಸಂದೇಶದ ಅರ್ಥ ಏನು ಅನ್ನುವುದು ಎಂಜಿನಿಯರ್‌ನ ಸಮಸ್ಯೆಗೆ ಸಂಬಂಧಿಸಿದ್ದಲ್ಲ ಅಂತ ಅವರು ಶುರುವಿನಲ್ಲೇ ಬರೆದರು. ಈ ತುದಿಯಲ್ಲಿ ಕಳಿಸಿದ್ದು ಆ ತುದಿಯಲ್ಲಿ ಹಾಗೆಯೇ ಸಿಗಬೇಕು, ಅಷ್ಟೇ. ಅರ್ಥವನ್ನು ಹೀಗೆ ಪಕ್ಕಕ್ಕಿಟ್ಟದ್ದರಿಂದಲೇ ಗದ್ದಲದ ತಂತಿಯಲ್ಲೂ ತಪ್ಪಿಲ್ಲದೆ ಕಳಿಸುವ ಗಣಿತ ಸಿಕ್ಕಿತು. ನಾನು ಇದನ್ನು ಕಲಿಸುವಾಗೆಲ್ಲ ಖುಷಿ ಪಡುತ್ತೇನೆ. ಅಷ್ಟು ಧೈರ್ಯದ ಹೆಜ್ಜೆ ಅದು.

ತೊಂದರೆ ಆಗುವುದು ‘ತಲುಪಿದರೆ ಸಾಕು’ ಅನ್ನುವ ಈ ಲೆಕ್ಕವನ್ನು ಮನುಷ್ಯರ ಮಾತಿಗೂ ತಂದಾಗ. ವಾಟ್ಸ್ಆ್ಯಪ್‌ನಲ್ಲಿ ಎರಡು ಟಿಕ್ ಬಂದರೆ ತಲುಪಿದೆ, ನೀಲಿಯಾದರೆ ತೆರೆದು ನೋಡಿದ್ದಾರೆ. ಅರ್ಥ ಆಯಿತೋ ಇಲ್ಲವೋ ಅದರಲ್ಲಿ ತಿಳಿಯುವುದಿಲ್ಲ. ಆದರೂ ‘ನಾನು ಗ್ರೂಪಲ್ಲಿ ಹಾಕಿದ್ದೆನಲ್ಲ’ ಅಂತ ಜಗಳಕ್ಕೆ ನಿಲ್ಲುತ್ತೇವೆ. ಮೆಡಿಕಲ್ ಶಾಪಿನಲ್ಲಿ ‘ಗೊತ್ತಾಯ್ತಾ ಅಜ್ಜಿ?’ ಅಂತ ಕೇಳಿದರೆ ಅಜ್ಜಿ ‘ಆಯ್ತಪ್ಪ’ ಅನ್ನುತ್ತಾರೆ. ಹಿಂದೆ ಜನ ಕಾಯುತ್ತಿದ್ದಾರೆ, ಮತ್ತೆ ಕೇಳಲು ಸಂಕೋಚ. ಆ ‘ಆಯ್ತಪ್ಪ’ ಟೆನೆರೀಫ್‌ನ ‘ಓಕೆ’ಯ ಜಾತಿಯದ್ದೇ. ಅದರ ಬದಲು ‘ಬೆಳಗ್ಗೆ ಯಾವುದು ತಗೋತೀರ, ಒಂದ್ಸಲ ತೋರಿಸಿ’ ಅಂದರೆ ಎರಡೂ ಸ್ಟ್ರಿಪ್ ಕೈಗೆ ಬರುತ್ತವೆ. ಅಜ್ಜಿ ರಾತ್ರಿ ಮಾತ್ರೆಯನ್ನು ಎತ್ತಿ ತೋರಿಸಿದರೆ ಆಗಲೇ ತಿದ್ದಬಹುದು. ಕೆಲವು ವೈದ್ಯರು ಇದನ್ನು ಪಾಲಿಸುತ್ತಾರೆ. ಎಲ್ಲರೂ ಪಾಲಿಸಬೇಕು.

ನಿಮ್ಮ ಇಂಟರ್‌ವ್ಯೂಗೂ ಇದನ್ನೇ ಬಳಸಿ. ಶರ್ಟ್ ಇಸ್ತ್ರಿ ಮಾಡಿಸಿ, ಎದುರಿನವರನ್ನು ನೋಡಿ ಮಾತನಾಡಿ, ಅಷ್ಟು ಸಾಕು. ಉಳಿದ ಸಮಯದಲ್ಲಿ ನಿಮ್ಮ ಫೈನಲ್ ಇಯರ್ ಪ್ರಾಜೆಕ್ಟನ್ನು ಬಿಕಾಂ ಓದುತ್ತಿರುವ ಗೆಳೆಯನಿಗೆ ಎರಡು ನಿಮಿಷದಲ್ಲಿ ಹೇಳಿ. ಅರ್ಥ ಆಯ್ತಾ ಅಂತ ಕೇಳಬೇಡಿ. ತಿರುಗಿ ಹೇಳು ಅನ್ನಿ. ಅವನು ಎಲ್ಲಿ ತಡವರಿಸುತ್ತಾನೋ ಆ ವಾಕ್ಯವನ್ನು ಬರೆದಿಟ್ಟುಕೊಳ್ಳಿ, ಬದಲಾಯಿಸಿ, ಮಾರನೇ ದಿನ ಇನ್ನೊಬ್ಬರಿಗೆ ಹೇಳಿ ನೋಡಿ.