‘ಸಂಪ್ರದಾಯ’ ಎಂದರೆ ಯಾವುದು?

ಬೆಂಗಳೂರಿನ ಮನೆಪ್ರಾರ್ಥನೆಗಳಲ್ಲಿ, ಅದರಲ್ಲೂ ಕಥೋಲಿಕರೂ ಸಿಎಸ್‌ಐನವರೂ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರಾಟೆಸ್ಟಂಟ್ ಸಭೆಯವರು) ಬೀಗರಾದ ಮನೆಗಳಲ್ಲಿ, ಬೈಬಲಿನ ಜೊತೆಗೆ ಸಂಪ್ರದಾಯವನ್ನೂ ನಂಬಬೇಕೇ ಎಂಬ ವಾದ ಎಷ್ಟೋ ಸಲ ಬೈಬಲಿನ ಎರಡೇ ವಚನಗಳಿಗೆ ಸಿಕ್ಕಿಕೊಳ್ಳುತ್ತದೆ. ಸಂಪ್ರದಾಯದಿಂದ ದೇವರ ವಾಕ್ಯವನ್ನು ನಿರರ್ಥಕ ಮಾಡುತ್ತೀರಿ ಎಂದು ಒಬ್ಬರು ಮಾರ್ಕ 7:13 ಓದುತ್ತಾರೆ. ಬಾಯಿಮಾತಿನಿಂದಾಗಲಿ ಪತ್ರದಿಂದಾಗಲಿ ಕಲಿತದ್ದನ್ನು ಹಿಡಿದುಕೊಳ್ಳಿ ಎಂದಿದೆಯಲ್ಲ ಎಂದು ಇನ್ನೊಬ್ಬರು 2 ಥೆಸಲೋನಿಕ 2:15 ತೆಗೆಯುತ್ತಾರೆ. ಇಬ್ಬರೂ ಪುಟ ತಿರುಗಿಸಿ ನೋಡುವುದಿಲ್ಲ.

ಎರಡೂ ಕಡೆ ಗ್ರೀಕ್ ಮೂಲದಲ್ಲಿರುವುದು ಒಂದೇ ಪದ, ಪರಾದೋಸಿಸ್. ಒಬ್ಬರು ಇನ್ನೊಬ್ಬರಿಗೆ ಒಪ್ಪಿಸಿದ್ದು ಎಂದಷ್ಟೇ ಅದರ ಅರ್ಥ. ಇಂಗ್ಲಿಷಿನ ಎನ್‌ಐವಿ ಅನುವಾದ ಮೊದಲನೆಯದನ್ನು ಸಂಪ್ರದಾಯ ಎಂದೂ ಎರಡನೆಯದನ್ನು ಬೋಧನೆ ಎಂದೂ ಮಾಡಿರುವುದರಿಂದ ಅದನ್ನಷ್ಟೇ ಓದುವವರಿಗೆ ನಂಟು ಕಾಣುವುದಿಲ್ಲ. ಮಾರ್ಕನಲ್ಲಿ ವಿಷಯ ಕೊರ್ಬಾನ್: ತಂದೆತಾಯಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಮೀಸಲು ಎಂದುಬಿಟ್ಟ ಮಗನಿಗೆ, ಮುಂದೆ ಅವರಿಗೆ ಏನೂ ಮಾಡಗೊಡದ ಕಟ್ಟಳೆ. ಯೇಸು ಖಂಡಿಸಿದ್ದು ಆಜ್ಞೆಯನ್ನೇ ಮುರಿದ ಆ ಕಟ್ಟಳೆಯನ್ನು. ಆದರೆ 1 ಕೊರಿಂಥ 15:3ರಲ್ಲಿ, ತಾವು ಪಡೆದದ್ದನ್ನೇ ಒಪ್ಪಿಸಿದೆ ಎನ್ನುವಾಗ ಪೌಲರು ಬಳಸುವುದೂ ಅದೇ ಮೂಲದ ಕ್ರಿಯಾಪದ. ಅಲ್ಲಿ ಒಪ್ಪಿಸಿದ್ದು ಕ್ರಿಸ್ತನ ಮರಣ, ಪುನರುತ್ಥಾನದ ಸುದ್ದಿ. ಹಾಗಾಗಿ ವಚನ ಎತ್ತುವ ಮುಂಚೆ ಹಿಂದುಮುಂದಿನ ಹತ್ತು ವಚನ ಓದಿ. ಒಪ್ಪಿಸಿದವರು ಯಾರು, ಒಪ್ಪಿಸಿದ್ದು ಏನು ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ. ದಯವಿಟ್ಟು.

ಶಿವಾಜಿನಗರದ ಸಂತ ಮೇರಿ ಚರ್ಚಿನ ಸೆಪ್ಟೆಂಬರ್ 8ರ ತೇರು ಊರಿನ ಆಚರಣೆ. ಕಥೋಲಿಕ ಬಿಷಪ್ಪರ ಟ್ರೆಂಟ್ ಸಭೆ 1546ರಲ್ಲಿ ಗ್ರಂಥಕ್ಕೆ ಸಮನಾಗಿ ಗೌರವಿಸಿದ್ದು ಪ್ರೇಷಿತರಿಂದ, ಅಂದರೆ ಯೇಸು ಕಳುಹಿಸಿದ ಶಿಷ್ಯರಿಂದ, ಬಂದ ಪರಂಪರೆಯನ್ನು. ತೇರನ್ನು ತೋರಿಸಿ ಅದನ್ನು ಅಳೆಯಬಾರದು. ಇತ್ತ ಪ್ರಾಟೆಸ್ಟಂಟರೂ ಪರಂಪರೆಯನ್ನು ಎಸೆದವರಲ್ಲ, ಅವರಲ್ಲಿ ಅನೇಕರು ಪ್ರೇಷಿತರ ವಿಶ್ವಾಸಪ್ರಮಾಣವನ್ನು (ನಂಬಿಕೆಯ ಹಳೆಯ ಸಂಕ್ಷಿಪ್ತ ಘೋಷಣೆಯನ್ನು) ಇಂದಿಗೂ ಹೇಳುತ್ತಾರೆ. ಗ್ರಂಥಕ್ಕೂ ಪರಂಪರೆಗೂ ಜಗಳ ಬಂದರೆ ಕೊನೆಯ ಮಾತು ಗ್ರಂಥದ್ದು ಎಂಬುದು ಅವರ ನಿಲುವು.

ನಿಜವಾಗಿ ಕಷ್ಟದ ಪ್ರಶ್ನೆಗಳು ಬೇರೆ ಇವೆ. ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ಆ 27ರಲ್ಲಿ ಎಲ್ಲಿಯೂ ಇಲ್ಲ. ಸರಿಯಾಗಿ ಅಷ್ಟನ್ನೇ ಹೆಸರಿಸಿದ ಪಟ್ಟಿ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ 367ರಲ್ಲಿ ಬರೆದ ಪಾಸ್ಕ ಹಬ್ಬದ ಪತ್ರದಲ್ಲಿದೆ. ಹಾಗಾದರೆ ಪಟ್ಟಿ ಕೊಟ್ಟದ್ದು ಪರಂಪರೆಯೇ ಅಲ್ಲವೇ ಎಂದರೆ, ಸಭೆ ಅವನ್ನು ಗುರುತಿಸಿತೇ ಹೊರತು ಅವಕ್ಕೆ ಅಧಿಕಾರ ಕೊಡಲಿಲ್ಲ ಎಂದು ಪ್ರಾಟೆಸ್ಟಂಟರು ಉತ್ತರಿಸುತ್ತಾರೆ. ಗುರುತಿಸಿದ್ದು ತಪ್ಪಿಲ್ಲ ಎಂಬ ಭರವಸೆ ಎಲ್ಲಿಂದ ಎಂಬ ಮರುಪ್ರಶ್ನೆಗೆ ಅವರು ಸಿದ್ಧರಿರಬೇಕು. ಕಥೋಲಿಕರಿಗೂ ತೊಡಕು ಅದೇ ಥೆಸಲೋನಿಕ ಪತ್ರದಲ್ಲಿದೆ. ಬರಲಿರುವ ಅಧರ್ಮಪುರುಷನನ್ನು ‘ತಡೆಯುತ್ತಿರುವುದು’ ಏನೆಂದು ನಿಮಗೆ ಗೊತ್ತಲ್ಲ ಎಂದು 2:6ರಲ್ಲಿ ಪೌಲರು ಬರೆಯುತ್ತಾರೆ. ಅದು ಎದುರಿಗಿದ್ದಾಗ ಬಾಯಲ್ಲಿ ಹೇಳಿದ್ದ ಮಾತು. 5ನೇ ಶತಮಾನದಲ್ಲಿ ಸಂತ ಅಗಸ್ಟೀನರು ಅದರ ಅರ್ಥ ತಮಗೆ ತಿಳಿಯದು ಎಂದು ಒಪ್ಪಿಕೊಂಡಿದ್ದಾರೆ. ಬಾಯಿಮಾತು ಸಭೆಯಲ್ಲಿ ಉಳಿದುಬಂದಿದ್ದರೆ ಇದೇಕೆ ಕಳೆದುಹೋಯಿತು ಎಂಬುದೇ ತೊಡಕು. ಇದೊಂದರಿಂದ ಕಥೋಲಿಕರ ವಾದ ಬಿದ್ದುಹೋಯಿತು ಎನ್ನಲಾಗದು, ಏಕೆಂದರೆ ಪರಂಪರೆಯೆಂದರೆ ಅವರಿಗೆ ಬಿಡಿಮಾತುಗಳ ಕಂತೆಯಲ್ಲ, ಸಭೆಯ ಬೋಧನೆ, ಬದುಕು, ಆರಾಧನೆ. ಮುಂದಿನ ಸಲ ಬೀಗರು ಸೇರಿದಾಗ ಮಾರ್ಕನನ್ನು ಬಿಟ್ಟು ಇಲ್ಲಿಂದ ಶುರುಮಾಡಿ.